ನೇಮ್‌ಪ್ಲೇಟ್ ಓದಿದ ಮೇಲೆ

ಹೋದ ಸಂಚಿಕೆಯ ಒಂದು ಉತ್ತರದಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೆ. ನಾನು ತಲೆಗೆ ಸ್ಕಾರ್ಫ್ ಕಟ್ಟಲು ಶುರು ಮಾಡಿದ ದಿನದಿಂದ ನಮ್ಮ ತರಕಾರಿಯವನು ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಾನೆ ಅಂತ. ಇಪ್ಪತ್ತು ವರ್ಷ "ಅಕ್ಕಾರೆ, ಮುಳಗಾಯಿ ಎಳೇವು ಅದಾವು ನೋಡ್ರಿ" ಅಂದವನು ಈಗ "ಆಂಟಿ, ಕ್ಯಾ ಹೋನಾ" ಅನ್ನುತ್ತಾನೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವನು ಹಿಂದಿಯಲ್ಲಿ ರೇಟು ಹೇಳುತ್ತಾನೆ. ಮುಳಗಾಯಿಗೆ ಭಾಷೆ ಇಲ್ಲ, ಹಾಗಾಗಿ ವ್ಯಾಪಾರ ನಡೆದಿದೆ.

ಓದಿ ನಗಲಿ ಅಂತ ಬರೆದದ್ದು. ಆದರೆ ಅದೊಂದು ಸಾಲಿಗೆ ಬಂದಷ್ಟು ಪತ್ರ ಮಂಡಿನೋವಿಗೂ ಬಂದಿರಲಿಲ್ಲ. ಹಾಗಾಗಿ ಈ ತಿಂಗಳು ಮಂಡಿ, ಸೊಸೆ, ಪೆನ್ಷನ್ ಎಲ್ಲ ಪಕ್ಕಕ್ಕೆ.

ಹೊಸ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ದಾವಣಗೆರೆಯವಳು. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ನಾನು ಬ್ಯಾಂಕಿನಲ್ಲಿ 31 ವರ್ಷ, ಅದರಲ್ಲಿ ಜಾಸ್ತಿ ಕಾಲ ಕ್ಯಾಷ್ ಕೌಂಟರಿನಲ್ಲಿ. ಸೀರೆ, ಜಡೆ, ಕಿವಿಗೆ ಓಲೆ. 2019ರಲ್ಲಿ ರಿಟೈರ್ ಆಗಿ ಉಮ್ರಾಗೆ, ಅಂದರೆ ಮೆಕ್ಕಾ ಯಾತ್ರೆಗೆ, ಹೋಗಿ ಬಂದೆ. ಆಮೇಲೆ ಸ್ಕಾರ್ಫು. ಅಂದರೆ ಗುರುತು ಸಿಗದೆ ಓಡಾಡುವುದೂ ಗೊತ್ತು, ನೂರು ಅಡಿ ದೂರದಿಂದಲೇ ಗುರುತು ಸಿಗುವುದೂ ಗೊತ್ತು. ಬೀದಿ ಮಾತ್ರ ಅದೇ.

ಪ್ರಶ್ನೆ: ನಮ್ಮ ಶಾಲೆಗೆ ಹೊಸ ಟೀಚರ್ ಬಂದಿದ್ದಾರೆ. "ನಿಮ್ಮನ್ನು ನೋಡಿದರೆ ಮುಸ್ಲಿಂ ಅನ್ನಿಸೋದೇ ಇಲ್ಲ, ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ" ಅಂದೆ. ಹೊಗಳಿದ್ದೇ ಅದು. ಆದರೆ ಅವರ ಮುಖ ಸಪ್ಪಗಾಯಿತು. ನನ್ನ ತಪ್ಪೇನು? ಕ್ಷಮೆ ಕೇಳಲೇ? — ಒಬ್ಬ ಶಿಕ್ಷಕಿ, ಶಿರಸಿ

ನಿಮಗೆ ಒಂದು ಕತೆ ಹೇಳುತ್ತೇನೆ ಟೀಚರ್. ನನ್ನ ಹೆಸರಿನ ಕೊನೆಗೆ 'ಬಾನು' ಅಂತ ಇದೆ. ಕನ್ನಡದಲ್ಲಿ ಬಾನು ಅಂದರೆ ಆಕಾಶ. ನಮ್ಮ ಕಡೆ ಅದು ಹೆಂಗಸರಿಗೆ ಗೌರವದ ಮಾತು, ಫಾರ್ಸಿಯಿಂದ ಬಂದದ್ದು. ಬ ಅಕ್ಷರದ ಹೊಟ್ಟೆ ಸೀಳಿದರೆ ಭಾನು, ಅಂದರೆ ಸೂರ್ಯ. ನಮ್ಮೂರಿನ ಬಾಯಲ್ಲಿ ಮಹಾಪ್ರಾಣ ಬರೋದು ಅಷ್ಟಕ್ಕಷ್ಟೇ. ಹಾಗಾಗಿ ಬ್ಯಾಂಕಿಗೆ ಬರುವ ಎಷ್ಟೋ ಜನರಿಗೆ ನಾನು ಸೂರ್ಯನೋ ಆಕಾಶವೋ ಗೊತ್ತಾಗುತ್ತಿರಲಿಲ್ಲ.

ಒಬ್ಬ ಹಿರಿಯರು ಪ್ರತಿ ತಿಂಗಳು ಪೆನ್ಷನ್ ತೆಗೆಯಲು ಬರುತ್ತಿದ್ದರು. ಬೇರೆ ಕೌಂಟರ್ ಖಾಲಿ ಇದ್ದರೂ ನನ್ನ ಮುಂದೆಯೇ ನಿಲ್ಲುವರು. ಮಗಳ ಅತ್ತೆ ಮನೆ ಗಲಾಟೆ, ಬಿ.ಪಿ. ಮಾತ್ರೆ, ಬೋರ್‌ವೆಲ್ ಕೈಕೊಟ್ಟದ್ದು, ಎಲ್ಲ ಹೇಳುವರು. ಒಂದು ಸಲ ದುಗ್ಗಮ್ಮನ ಜಾತ್ರೆ ಮುಗಿದ ವಾರ ಕೊಬ್ಬರಿ, ಕುಂಕುಮ ಪೊಟ್ಟಣ ಕಟ್ಟಿಕೊಂಡು ಬಂದರು. ಕಿಂಡಿಯಿಂದ ಒಳಗೆ ತಳ್ಳಿ, ದನಿ ತಗ್ಗಿಸಿ, "ಹಣೆ ಖಾಲಿ ಬಿಡಬೇಡಮ್ಮ, ಈಗಿನ ಕಾಲದಲ್ಲಿ ಯಾರೂ ಏನೂ ಅನ್ನಲ್ಲ, ಇಟ್ಕೋ" ಅಂದರು. ನನಗೆ ಎರಡು ನಿಮಿಷ ಅರ್ಥವೇ ಆಗಲಿಲ್ಲ. ನಾನು ವಿಧವೆ ಅಂದುಕೊಂಡು ಆ ಜೀವ ನಾಲ್ಕು ವರ್ಷದಿಂದ ಮರುಗುತ್ತಿತ್ತು! ಸಂಜೆ ನಮ್ಮ ಯಜಮಾನರಿಗೆ ಹೇಳಿದೆ. "ನನ್ನನ್ನ ಯಾವಾಗ ಮಣ್ಣು ಮಾಡಿದ್ರಂತೆ ಕೇಳಬೇಕಿತ್ತು" ಅಂತ ನಕ್ಕರು.

ಆಮೇಲೆ ಕೌಂಟರ್ ಮೇಲೆ ಹೊಸ ನೇಮ್‌ಪ್ಲೇಟ್ ಬಂತು. ಕನ್ನಡ, ಹಿಂದಿ, ಇಂಗ್ಲಿಷು, ಮೂರರಲ್ಲೂ ಪೂರ್ತಿ ಹೆಸರು. ಅವರು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿದರು. ನನ್ನ ಮುಖ ನೋಡಿದರು. ಮತ್ತೆ ಓದಿದರು. "ಓ" ಅಂದರು, ಅಷ್ಟೇ. ದುಡ್ಡು ತಗೊಂಡು ನಮಸ್ಕಾರ ಮಾಡಿ ಹೋದರು.

ಆಮೇಲೂ ನನ್ನ ಕೌಂಟರಿಗೇ ಬಂದರು. ಒಂದು ದಿನವೂ ಒರಟಾಗಿ ಮಾತಾಡಲಿಲ್ಲ. ಆದರೆ ಬೋರ್‌ವೆಲ್ ಸುದ್ದಿ ನಿಂತಿತು. ಮಗಳ ಸುದ್ದಿ ನಿಂತಿತು. 'ಅಮ್ಮ' ಹೋಗಿ 'ಮೇಡಂ' ಬಂತು. ಸೌಜನ್ಯ ಜಾಸ್ತಿಯಾಯಿತು, ಸಲುಗೆ ಹೋಯಿತು. ಇದಕ್ಕೆ ಯಾರ ಮೇಲೆ ದೂರು ಕೊಡೋದು ಹೇಳಿ?

ನಿಮ್ಮ ಹೊಸ ಟೀಚರಿಗೆ ನೀವು ಹೇಳಿದ ಮಾತು ಅವರ ಕಿವಿಗೆ ಹೇಗೆ ಬಿದ್ದಿರುತ್ತೆ ಅಂದರೆ, ಮುಸ್ಲಿಂ ಅಂದರೆ ಹೀಗಿರುತ್ತಾರೆ ಅಂತ ನಮ್ಮ ಹತ್ತಿರ ಒಂದು ಚಿತ್ರ ಇದೆ, ನೀವು ಅದರ ಹಾಗಿಲ್ಲ, ಆದ್ದರಿಂದ ಪಾಸು ಅಂತ. ಅವರ ಅಮ್ಮ ಆ ಚಿತ್ರದ ಹಾಗೇ ಇರಬಹುದು. ಅಮ್ಮನನ್ನು ಫೇಲ್ ಮಾಡಿ ಮಗಳನ್ನು ಪಾಸ್ ಮಾಡಿದರೆ ಯಾರಿಗೆ ಖುಷಿ?

ಇನ್ನು ಕನ್ನಡದ ಮಾತು. 2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ನೂರಕ್ಕೆ ಹದಿಮೂರು ಜನ ಮುಸ್ಲಿಮರು. ಎಲ್ಲರ ಮನೆಮಾತೂ ಒಂದೇ ಅಲ್ಲ. ನಮ್ಮದು ದಖನಿ, ಅಂದರೆ ನಮ್ಮ ದಕ್ಷಿಣದ ಕಡೆಯ ಉರ್ದು. ಮಂಗಳೂರು ಕಡೆ ಬ್ಯಾರಿ, ಭಟ್ಕಳದಲ್ಲಿ ನವಾಯತಿ. ಉತ್ತರ ಕರ್ನಾಟಕದಲ್ಲಿ ಹತ್ತಿ ಹಿಂಜುತ್ತಿದ್ದ ನದಾಫ, ಪಿಂಜಾರರ ಎಷ್ಟೋ ಮನೆಗಳಲ್ಲಿ ಒಲೆ ಮುಂದೆ ಆಡುವ ಮಾತೇ ಕನ್ನಡ. ಅಲ್ಲಿ ಮೊಹರಂ ಹಾಡು ಕೂಡ ಕನ್ನಡದಲ್ಲೇ. ಶಿಶುನಾಳ ಶರೀಫರಿಗೆ ಯಾರೂ "ಕನ್ನಡ ಚೆನ್ನಾಗಿದೆ" ಅಂತ ಸರ್ಟಿಫಿಕೇಟ್ ಕೊಡಲಿಲ್ಲವಲ್ಲ.

ಕ್ಷಮೆ ಬೇಡ. ನೀವು ಹತ್ತು ನಿಮಿಷ ಕ್ಷಮೆ ಕೇಳಿದರೆ ಕೊನೆಗೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತೆ. ಯಾವ ಪಾಠ ಮುಗಿಯಿತು, ಯಾವ ಹುಡುಗ ಕಾಟ ಕೊಡುತ್ತಾನೆ ಅಂತ ಕೇಳಿ. ಉಳಿದ ಟೀಚರುಗಳ ಹತ್ತಿರ ಏನು ಮಾತಾಡುತ್ತೀರೋ ಅದನ್ನೇ.

ಪ್ರಶ್ನೆ: ನಾನು ಬಸ್ ಕಂಡಕ್ಟರ್. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಆಧಾರ್ ನೋಡಿ ಟಿಕೆಟ್ ಕೊಡಬೇಕು. ಮುಖ ಮುಚ್ಚಿಕೊಂಡವರ ಫೋಟೋ ಹೇಗೆ ನೋಡೋದು? ಕೇಳಿದರೆ ಬೇಜಾರು ಮಾಡ್ಕೋತಾರೆ, ಕೇಳದಿದ್ದರೆ ಚೆಕಿಂಗ್‌ನವರು ನನ್ನ ಹಿಡೀತಾರೆ. — ಕೊಪ್ಪಳ ಜಿಲ್ಲೆ

ಈ ತಿಂಗಳ ಬೆಸ್ಟ್ ಪ್ರಶ್ನೆ ನಿಮ್ಮದು. ಕೇಳಬೇಕು ಅಂತ ನಿಮಗೆ ಅನಿಸಿತಲ್ಲ, ಅರ್ಧ ಕೆಲಸ ಆಯಿತು.

2023ರ ಜೂನ್ 11ರಿಂದ ಶಕ್ತಿ ಶುರುವಾಗಿದೆ. ರಾಜ್ಯದ ವಿಳಾಸ, ಫೋಟೋ ಇರುವ ಕಾರ್ಡು ತೋರಿಸಬೇಕು, ಶೂನ್ಯ ಟಿಕೆಟ್ ತಗೋಬೇಕು. ಇದು ಎಲ್ಲ ಹೆಂಗಸರಿಗೂ ಒಂದೇ. ನೀವೂ ಎಲ್ಲರಿಗೂ ಒಂದೇ ಮಾಡಿ. ಮುಂದಿನ ಸೀಟಿನ ಮೂರು ಜನರ ಕಾರ್ಡನ್ನು ನೋಡದೆ ಟಿಕೆಟ್ ಹರಿದು, ನಾಲ್ಕನೆಯ ಬುರ್ಖಾದವಳ ಹತ್ತಿರ ಬಂದಾಗ ಮಾತ್ರ ಕನ್ನಡಕ ಒರೆಸಿಕೊಂಡರೆ ಬೇಜಾರಾಗದೆ ಏನಾಗುತ್ತೆ? ಅವಳ ಸರದಿ ಬರುವಷ್ಟರಲ್ಲಿ, ಈ ಮನುಷ್ಯ ಎಲ್ಲರದ್ದೂ ನೋಡುತ್ತಾನೆ ಅಂತ ಅವಳಿಗೆ ಗೊತ್ತಾಗಿರಬೇಕು.

ಆಮೇಲೆ, ತಲೆ ಮೇಲೆ ನಿಂತು "ಮುಖ ತೋರಿಸಿ" ಅನ್ನಬೇಡಿ. "ಫೋಟೋ ಒಂದ್ಸಲ ಹೊಂದಿಸಿ ನೋಡ್ಬೇಕಮ್ಮ" ಅಂತ ಹೇಳಿ ಒಂದು ಕ್ಷಣ ಕಾಯಿರಿ. ಅವಳು ಕಿಟಕಿ ಕಡೆ ತಿರುಗಿ ಬಟ್ಟೆ ಎತ್ತುತ್ತಾಳೆ. ನಿಖಾಬ್ ಹಾಕುವ ಹೆಂಗಸರಿಗೆ ಇದು ಹೊಸದಲ್ಲ. ಬ್ಯಾಂಕು, ಪರೀಕ್ಷೆ ಹಾಲು, ಏರ್‌ಪೋರ್ಟು, ಎಲ್ಲ ಕಡೆ ಎತ್ತುತ್ತಾರೆ. ಪಾಸ್‌ಪೋರ್ಟ್ ಫೋಟೋಗೂ ಧರ್ಮದ ಕಾರಣಕ್ಕೆ ತಲೆ ಮುಚ್ಚಬಹುದು, ಆದರೆ ಗದ್ದದಿಂದ ಹಣೆಯವರೆಗೆ, ಎರಡೂ ಕಡೆ ಅಂಚಿನವರೆಗೆ ಮುಖ ಕಾಣಲೇಬೇಕು. ಯಾರಾದರೂ ಪೂರ್ತಿ ಒಲ್ಲೆ ಅಂದರೆ ಪಕ್ಕದ ಹೆಂಗಸಿಗೆ ನೋಡಲು ಹೇಳಿ. ಅದಕ್ಕೂ ಒಲ್ಲೆ ಅಂದರೆ ದುಡ್ಡಿನ ಟಿಕೆಟ್ ಕೊಡಿ. ಅದು ಅನ್ಯಾಯ ಅಲ್ಲ.

ಒಂದು ಮಾತು ಮಾತ್ರ ನೆನಪಿಡಿ. ಅವಳು ಮುಖ ಮುಚ್ಚಿದ್ದಾಳೆ, ಕಿವಿ ಮುಚ್ಚಿಲ್ಲ. ಹಿಂದಿನ ಸೀಟಿನವರು ಹೊಡೆಯುವ ಜೋಕು ಅವಳಿಗೆ ಕೇಳಿಸುತ್ತೆ. ಆಗ ನೀವು ನಕ್ಕಿರೋ ಇಲ್ಲವೋ ಅನ್ನೋದು ಅವಳಿಗೆ ಟಿಕೆಟ್‌ಗಿಂತ ಜಾಸ್ತಿ ನೆನಪಿರುತ್ತೆ.

ಪ್ರಶ್ನೆ: ಬುರ್ಖಾ, ಹಿಜಾಬ್, ನಿಖಾಬ್, ಅಬಾಯ. ಇವೆಲ್ಲ ಒಂದೇನಾ? ಪೇಪರ್‌ನಲ್ಲಿ ಒಂದೊಂದು ಸಲ ಒಂದೊಂದು ಬರೀತಾರೆ. — ಬಳ್ಳಾರಿ

ಕೂದಲು, ಕುತ್ತಿಗೆ ಮುಚ್ಚುವ ಬಟ್ಟೆ ಹಿಜಾಬು. ಕಣ್ಣು ಬಿಟ್ಟು ಮುಖ ಮುಚ್ಚಿದರೆ ನಿಖಾಬು. ಉಟ್ಟ ಬಟ್ಟೆ ಮೇಲೆ ಹಾಕುವ ಉದ್ದನೆಯ ಕರಿ ನಿಲುವಂಗಿಗೆ ನಮ್ಮ ಕಡೆ ಬುರ್ಖಾ ಅಂತೇವೆ. ಗಲ್ಫ್‌ಗೆ ಹೋಗಿ ಬಂದವರು ಅದನ್ನೇ ಅಬಾಯ ಅಂತಾರೆ, ರೇಟು ಮಾತ್ರ ಡಬಲ್.

ನನ್ನ ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಬುರ್ಖಾ. ಅಜ್ಜಿ, ಅಮ್ಮಿ, ಚಿಕ್ಕಮ್ಮ ಮೂವರಿಗೂ ಅದೇ. ಪರಊರಿಗೆ ಹೊರಟವರು ಹಾಕಿಕೊಳ್ಳುತ್ತಿದ್ದರು. ಓಣಿಯೊಳಗೆ ಸೀರೆಯ ಸೆರಗೇ ಸಾಕಿತ್ತು. ಇಬ್ಬರು ಒಟ್ಟಿಗೆ ಹೊರಡುವ ಹಾಗಿದ್ದರೆ ಪಕ್ಕದ ಮನೆಯಿಂದ ಇನ್ನೊಂದು ಕಡ ಬರುತ್ತಿತ್ತು. 'ಹಿಜಾಬ್' ಅನ್ನುವ ಪದ ನಮ್ಮ ಮನೆಯಲ್ಲಿ ಯಾರೂ ಬಳಸಿದ್ದು ನನಗೆ ನೆನಪಿಲ್ಲ. ಓಡ್ನಿ ಅನ್ನುತ್ತಿದ್ದೆವು, ಆಮೇಲೆ ಸ್ಕಾರ್ಫ್ ಅಂದೆವು.

2022ರಲ್ಲಿ ಆ ಪದ ಮನೆಮನೆಗೆ ಬಂತು. ಉಡುಪಿಯ ಸರ್ಕಾರಿ ಪಿಯು ಕಾಲೇಜಿನಿಂದ ಸುದ್ದಿ ಶುರುವಾಗಿ, ಫೆಬ್ರವರಿ 5ಕ್ಕೆ ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ, ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಅಲ್ಲ ಅಂದಿತು ಹೈಕೋರ್ಟು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಅಷ್ಟರಲ್ಲಿ ಮೂರು ಮೊಳದ ಬಟ್ಟೆಯ ಬಗ್ಗೆ ಅಭಿಪ್ರಾಯ ಇಲ್ಲದವರು ಕರ್ನಾಟಕದಲ್ಲಿ ಯಾರೂ ಉಳಿದಿರಲಿಲ್ಲ. ನಮ್ಮ ಓಣಿಯ ಒಬ್ಬ ಹುಡುಗಿ ಆ ವರ್ಷ ಕಾಲೇಜು ಬಿಟ್ಟಳು. ಇನ್ನೊಬ್ಬಳು ಗೇಟಿನ ಹತ್ತಿರ ಬಿಚ್ಚಿ ಬ್ಯಾಗಿಗೆ ಹಾಕಿ ಒಳಗೆ ಹೋದಳು, ಸಂಜೆ ಅದೇ ಗೇಟಿನ ಹತ್ತಿರ ಕಟ್ಟಿಕೊಂಡು ಬಂದಳು. ಇಬ್ಬರೂ ನನ್ನ ಹತ್ತಿರ ಬಂದು ಅತ್ತರು. ಇಬ್ಬರಿಗೂ ನಾನು ಟೀ ಮಾಡಿಕೊಟ್ಟೆ. ಬೇರೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಫೋನಿನಲ್ಲಿ ಮನೆ ಖಾಲಿ ಇದೆ ಅಂತಾರೆ. ಹೋಗಿ ಹೆಸರು ಹೇಳಿದ ತಕ್ಷಣ "ಈಗಷ್ಟೇ ಕೊಟ್ಟುಬಿಟ್ವಿ" ಅಂತಾರೆ. ಇದಕ್ಕೆ ಕಾನೂನು ಇಲ್ವಾ? — ತುಮಕೂರಿನ ಯುವಕ

ಕಾನೂನು ನೀನು ಅಂದುಕೊಂಡಷ್ಟು ಕೈಗೆ ಬರಲ್ಲಪ್ಪ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್ಲು, ಬಾವಿ, ಕೆರೆ, ರಸ್ತೆ ಇಂಥ ಕಡೆ ಧರ್ಮ, ಜಾತಿ ನೋಡಿ ತಡೆಯಬಾರದು ಅನ್ನುತ್ತೆ. ಒಬ್ಬರು ತಮ್ಮ ಸ್ವಂತ ಮನೆಯನ್ನು ಯಾರಿಗೆ ಬಾಡಿಗೆ ಕೊಡಬೇಕು ಅನ್ನೋದು ಆ ಪಟ್ಟಿಯಲ್ಲಿ ಇಲ್ಲ. 2005ರಲ್ಲಿ ಗುಜರಾತಿನ ಪಾರ್ಸಿ ಹೌಸಿಂಗ್ ಸೊಸೈಟಿಯ ಕೇಸಿನಲ್ಲಿ, ಸೊಸೈಟಿ ತನ್ನ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಕೊಡಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿತು.

ಹಾಗಾಗಿ ನನ್ನ ಸಲಹೆ ಕಾನೂನಿನದ್ದಲ್ಲ, ಬಸ್ ಚಾರ್ಜಿನದ್ದು. ಫೋನ್ ಎತ್ತಿದ ತಕ್ಷಣ ಮೊದಲ ಮಾತೇ ನಿನ್ನ ಪೂರ್ತಿ ಹೆಸರು ಆಗಲಿ. ಕೊಡದವರು ಅಲ್ಲೇ ಕೊಡಲ್ಲ ಅಂತಾರೆ. ಅರ್ಧ ದಿನ ರಜೆ, ಆಟೋ ಖರ್ಚು, ಮೆಟ್ಟಿಲು ಹತ್ತುವಾಗಿನ ಆಸೆ, ಎಲ್ಲ ಉಳಿಯುತ್ತೆ. ಹೆಸರಿನ ಇನಿಷಿಯಲ್ ಹೇಳಿ ಒಳಗೆ ನುಗ್ಗುವ ಹುಡುಗರನ್ನೂ ನೋಡಿದ್ದೇನೆ. ಅಗ್ರಿಮೆಂಟಿನ ದಿನ ಹೇಗೂ ಗೊತ್ತಾಗುತ್ತೆ, ಆಗ ಮೋಸ ಮಾಡಿದವನು ಅನ್ನುವ ಹೆಸರೂ ಬರುತ್ತೆ.

1994ರಲ್ಲಿ ನನಗೆ ಒಂದು ತಾಲ್ಲೂಕು ಊರಿಗೆ ಟ್ರಾನ್ಸ್‌ಫರ್ ಆಯಿತು. ಒಂಬತ್ತು ಮನೆ ನೋಡಿದೆ. ಒಂಬತ್ತೂ 'ಈಗಷ್ಟೇ' ಹೋಗಿದ್ದವು. ಹತ್ತನೆಯ ಮನೆಯ ಅಜ್ಜಿ ಒಬ್ಬರೇ ನೇರ ಕೇಳಿದರು: "ನೀವು ಸಾಬರಲ್ವಾ? ಮಾಂಸ ಮಾಡಲ್ಲ ಅಂದ್ರೆ ಇರಿ." ಆ ನೇರ ಮಾತಿಗೆ ನನಗೆ ಎಷ್ಟು ಸಮಾಧಾನವಾಯಿತು ಅಂದರೆ ಅಲ್ಲೇ ಅಡ್ವಾನ್ಸ್ ಎಣಿಸಿದೆ. ಮೂರು ವರ್ಷ ಆ ಮನೆಯಲ್ಲಿ ಮೊಟ್ಟೆಯನ್ನೂ ಬೇಯಿಸಲಿಲ್ಲ. ಹಬ್ಬಕ್ಕೆಲ್ಲ ದಾವಣಗೆರೆಗೆ ಬಂದು ಹೋಗುತ್ತಿದ್ದೆವು. ಖಾಲಿ ಮಾಡುವ ದಿನ ಅಜ್ಜಿ ಹೇಳುತ್ತಾರೆ, "ಅಯ್ಯ, ಮೊಟ್ಟೆಗೇನಿತ್ತು, ನಮ್ಮ ಹುಡುಗರೂ ತಿಂತಾವೆ." ಮೂರು ವರ್ಷ ಮೊದಲೇ ಹೇಳಬಾರದಿತ್ತಾ ಈ ಪುಣ್ಯಾತ್ಗಿತ್ತಿ!

ಪ್ರಶ್ನೆ: ಏರ್‌ಫೋರ್ಸ್ ಸೇರಬೇಕು ಅಂತಿದ್ದೇನೆ. ಗಡ್ಡ ಬಿಟ್ಟಿದ್ದೇನೆ. ತೆಗೆಯಲೇಬೇಕಾ? — ವಿಜಯಪುರ

ತೆಗೆಯಬೇಕು. ಇದೇ ಪ್ರಶ್ನೆಗೆ 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಾಗಿದೆ. ಕೂದಲು ಕತ್ತರಿಸುವುದನ್ನೇ ಧರ್ಮ ನಿಷೇಧಿಸಿದ್ದರೆ ಮಾತ್ರ ವಾಯುಪಡೆಯಲ್ಲಿ ವಿನಾಯಿತಿ. ಸಿಖ್ಖರಿಗೆ ಅದು ಸಿಗುತ್ತೆ, ನಮಗೆ ಸಿಗಲ್ಲ. ನೌಕಾಪಡೆಯಲ್ಲಾದರೆ ಯಾವ ಧರ್ಮದವರಾದರೂ ಅನುಮತಿ ತಗೊಂಡು ಗಡ್ಡ ಬಿಡಬಹುದು. ವಿಮಾನದ ಆಸೆ ದೊಡ್ಡದೋ ಗಡ್ಡದ ಆಸೆ ದೊಡ್ಡದೋ ನೀನೇ ತೂಗಿ ನೋಡು. ಎರಡರಲ್ಲಿ ಯಾವುದನ್ನು ಆರಿಸಿದರೂ ನನ್ನ ಕಡೆಯಿಂದ ಬೈಗುಳ ಇಲ್ಲ.

ಅಂದ ಹಾಗೆ, ಸಿನಿಮಾ ಹೀರೋ ನೋಡಿ ಗಡ್ಡ ಬಿಟ್ಟ ನಿನ್ನ ಗೆಳೆಯರಿಗೂ ನಿನಗೂ ಇರುವ ವ್ಯತ್ಯಾಸ ಗಡ್ಡದಲ್ಲಿಲ್ಲ, ಮೀಸೆಯಲ್ಲಿದೆ. ಮೀಸೆ ಹುರಿ ಮಾಡಿದರೆ ಸ್ಟೈಲು, ಸಣ್ಣಗೆ ಕತ್ತರಿಸಿದರೆ ಐಡಿ ಕಾರ್ಡು. ಕನ್ನಡಿ ಮುಂದೆ ನಿಂತು ನೋಡಿಕೋ.

ಪ್ರಶ್ನೆ: ಸ್ಕೂಟರ್ ಹಿಂದೆ ಕೂತಾಗ ಬುರ್ಖಾ ಚಕ್ರಕ್ಕೆ ಸಿಕ್ಕಿಕೊಳ್ಳುತ್ತೆ ಅಂತ ಭಯ. — ಹಾವೇರಿ

ಭಯ ಸರಿಯಾಗಿದೆ. ನನ್ನ ತಂಗಿ ಹಾಗೇ ಬಿದ್ದು ತೊಡೆಗೆ ರಾಡು ಹಾಕಿಸಿಕೊಂಡಳು. ಬೈಕಿನ ಹಿಂದಿನ ಚಕ್ರವನ್ನು ಅರ್ಧದಷ್ಟಾದರೂ ಮುಚ್ಚುವ ಗಾರ್ಡ್ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಹುಡುಗರು ಲುಕ್ ಹಾಳಾಗುತ್ತೆ ಅಂತ ಅದನ್ನು ಬಿಚ್ಚಿಸುತ್ತಾರೆ. ಮೊದಲು ಅದನ್ನು ವಾಪಸ್ ಹಾಕಿಸಿ. ಘೇರು ಜಾಸ್ತಿ ಇರುವ ಬುರ್ಖಾ ಬೇಡ. ಕೂರುವ ಮೊದಲು ಬಟ್ಟೆ ಎಳೆದು ತೊಡೆ ಕೆಳಗೆ ಒತ್ತಿಕೊಳ್ಳಿ, ಸ್ಕಾರ್ಫಿನ ತುದಿ ಒಳಗೆ ಸೇರಿಸಿ. ಹೆಲ್ಮೆಟ್ ಒಳಗೆ ಪಿನ್ ಚುಚ್ಚಬೇಡಿ, ಹೊಲಿದ ಟೋಪಿ ಥರದ ಸ್ಕಾರ್ಫು ಸಿಗುತ್ತೆ, ಅದು ಹಾಕಿ. ಮತ್ತೆ, ಸ್ಕಾರ್ಫ್ ಇದೆ ಅಂತ ಹೆಲ್ಮೆಟ್ ಬಿಡುವ ಹಾಗಿಲ್ಲ. ಆ ವಿನಾಯಿತಿ ಪೇಟ ಕಟ್ಟಿದ ಸಿಖ್ಖರಿಗೆ ಮಾತ್ರ.

ಪ್ರಶ್ನೆ: ಬೇರೆಯಾಗಿ ಕಾಣುವ ಬಟ್ಟೆ ನೀವೇ ಹಾಕ್ಕೋತೀರಿ. ಆಮೇಲೆ ಬೇರೆಯಾಗಿ ನೋಡ್ತಾರೆ ಅಂತ ನೀವೇ ಅಳ್ತೀರಿ. ಇದು ಯಾವ ನ್ಯಾಯ? — ಶಿವಮೊಗ್ಗ

ಅತ್ತಿಲ್ಲ ಸ್ವಾಮಿ, ಮುಳಗಾಯಿ ಕೊಂಡೆ. ಆದರೂ ಪ್ರಶ್ನೆ ಇಷ್ಟವಾಯಿತು.

ಸ್ಕಾರ್ಫ್ ಹಾಕು ಅಂತ ನನಗೆ ಯಾರೂ ಹೇಳಲಿಲ್ಲ. ಮದೀನಾದಲ್ಲಿ ದಿನವಿಡೀ ಕಟ್ಟಿಕೊಂಡು ರೂಢಿಯಾಯಿತು. ಊರಿಗೆ ಬಂದು ಬರೀ ತಲೆಯಲ್ಲಿ ಹೊರಟರೆ ಚಪ್ಪಲಿ ಮರೆತು ಹೊರಟ ಹಾಗೆ ಅನ್ನಿಸಿತು. ಹೇಳಿದರೆ ಇಷ್ಟೇ ಕಾರಣ. ಬೇರೆಯಾಗಿ ಕಾಣಲಿ ಅಂತಲೂ ಅಲ್ಲ, ಕಾಣಬಾರದು ಅಂತಲೂ ಅಲ್ಲ. ನನ್ನ ಕೌಂಟರಿಗೆ ಮೂರು ಗೆರೆ ವಿಭೂತಿಯವರು ಬರುತ್ತಿದ್ದರು, ನಾಮದವರು ಬರುತ್ತಿದ್ದರು, ಕೊರಳಲ್ಲಿ ಶಿಲುಬೆ ಹಾಕಿದವರು ಬರುತ್ತಿದ್ದರು. ಗುರುತು ಎಲ್ಲರದ್ದೂ ಸಿಗುತ್ತಿತ್ತು. ಯಾರ ಚೆಕ್ಕೂ ಅದಕ್ಕಾಗಿ ನಿಲ್ಲುತ್ತಿರಲಿಲ್ಲ. ಗುರುತು ಸಿಗೋದರಲ್ಲಿ ನನಗೆ ತಕರಾರಿಲ್ಲ. ಗುರುತು ಸಿಕ್ಕಿತು ಅಂತ ಮುಂದೆ ನೋಡುವುದನ್ನೇ ನಿಲ್ಲಿಸುತ್ತಾರಲ್ಲ, ನನ್ನ ತಕರಾರು ಅದರ ಮೇಲೆ.

ಅದನ್ನು ನೀವು ಮಾತ್ರ ಮಾಡುತ್ತೀರಿ ಅಂತ ನಾನು ಹೇಳಲಾರೆ. ಒಮ್ಮೆ ನನ್ನ ಕೌಂಟರಿಗೆ ಪೂರ್ತಿ ಮುಖ ಮುಚ್ಚಿದ ಒಬ್ಬಳು ಬಂದಳು, ಕೈಯಲ್ಲಿ ಚಲನ್ನು. ಪಾಪ, ಬರೆಯಲು ಬರಲ್ಲವೇನೋ ಅಂತ ನಾನು ದಖನಿಯಲ್ಲಿ ಜೋರಾಗಿ, ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ "ಯಹಾಂ ಸೈನ್ ಕರನಾ ಅಮ್ಮಾ, ನಾಮ್ ಲಿಖ್ನಾ ಆತಾ?" ಅಂದೆ. ಅವಳು ಒಂದು ಕ್ಷಣ ಸುಮ್ಮನಿದ್ದು, ಧಾರವಾಡದ ಕನ್ನಡದಲ್ಲಿ, "ಮೇಡಂ, ಈ ಚಲನ್ನಿನ್ಯಾಗ ನಿಮ್ಮ ಬ್ರ್ಯಾಂಚಿನ ಕೋಡ್ ತಪ್ಪ ಪ್ರಿಂಟ್ ಆಗೇದ, ತಿದ್ದಿ ಕೊಡ್ಲೇನು?" ಅಂದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಆಕೆ. ನನ್ನದೇ ಜಾತಿ, ನನ್ನದೇ ಧರ್ಮ, ಇದೆಲ್ಲ ಗೊತ್ತಿರಬೇಕಾದವಳು ನಾನು. ಕೋಡ್ ತಪ್ಪಿದ್ದೂ ನಿಜ.

ಪ್ರಶ್ನೆ: ರೈಲಿನಲ್ಲಿ ಹೋಗುವಾಗ ಫೋನ್ ಬಂತು. "ಅಸ್ಸಲಾಮು ಅಲೈಕುಂ" ಅಂದೆ. ಒಂಬತ್ತು ವರ್ಷದ ಮಗ ನನ್ನ ಬಾಯಿ ಮೇಲೆ ಕೈ ಇಟ್ಟ. "ಇಲ್ಲಿ ಹಾಗೆ ಅನ್ನಬೇಡ. ಇಲ್ಲಿ ನಿನ್ನ ಅಮ್ಮಿ ಅನ್ನಲ್ಲ, ಮಮ್ಮಿ ಅಂತೀನಿ" ಅಂದ. ಮನೆಯಲ್ಲಿ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ಏನು ಮಾಡಲಿ? — ಹುಬ್ಬಳ್ಳಿಯ ತಾಯಿ

ಮೊದಲು, ಬೈಯಬೇಡಿ. "ಹೆದರುಪುಕ್ಕಲ" ಅನ್ನಬೇಡಿ. ಮಕ್ಕಳು ಕೋಣೆಯಲ್ಲಿ ಆಡುತ್ತಿದ್ದರೂ ಹೊರಗಿನ ಟಿವಿ ಅವರ ಕಿವಿಗೆ ಬೀಳುತ್ತಿರುತ್ತೆ. 2023ರ ಜುಲೈ 31ರಂದು ಜೈಪುರದಿಂದ ಮುಂಬೈಗೆ ಹೋಗುತ್ತಿದ್ದ ರೈಲಿನಲ್ಲಿ ರೈಲ್ವೆ ರಕ್ಷಣಾ ಪಡೆಯ ಪೇದೆಯೊಬ್ಬನ ಗುಂಡಿಗೆ ಅವನ ಮೇಲಧಿಕಾರಿಯೂ ಮೂವರು ಮುಸ್ಲಿಂ ಪ್ರಯಾಣಿಕರೂ ಸತ್ತರು. ಅವರಲ್ಲೊಬ್ಬರು ನಮ್ಮ ಬೀದರ್ ಕಡೆಯವರು. ನಿಮ್ಮ ಮಗ ಅದನ್ನೇ ಕೇಳಿದ್ದಾನೋ, ಶಾಲೆ ವ್ಯಾನಿನಲ್ಲಿ ಯಾರೋ ಏನೋ ಅಂದರೋ, ಅದನ್ನು ಅವನ ಬಾಯಿಂದಲೇ ಕೇಳಬೇಕು. ಎದುರು ಕೂರಿಸಿಕೊಂಡು ಕೇಳಬೇಡಿ. ಬಟಾಣಿ ಬಿಡಿಸುತ್ತಾ ಕೇಳಿ. ಕೈಗೆ ಕೆಲಸ ಇದ್ದರೆ ಬಾಯಿ ತಾನೇ ಬಿಡುತ್ತೆ.

ನನ್ನದೊಂದು ಹೇಳಬೇಕು. ಇಲ್ಲಿಯವರೆಗೂ ಬರೆದಿರಲಿಲ್ಲ.

ನಾನಾಗ ಏಳನೇ ಕ್ಲಾಸು. ಅಪ್ಪ ಭಟ್ಟಿಯಿಂದ ನೇರ ಬಂದರೆ ಮೈಯೆಲ್ಲ ಹೊಟ್ಟಿನ ಮಸಿ, ಚೌಕಳಿ ಲುಂಗಿ, ತಲೆ ಮೇಲೆ ಬಿಳಿ ಟೋಪಿ. ಮಸಿ ನಡುವೆ ಆ ಟೋಪಿ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಒಂದು ದಿನ ನಾನು ಮರೆತು ಬಿಟ್ಟ ಬುತ್ತಿ ಕೊಡಲು ಶಾಲೆಗೆ ಬಂದರು. ಗೆಳತಿಯರು ಯಾರು ಅವರು ಅಂತ ಕೇಳಿದರು. "ನಮ್ಮ ಮನೆ ಹತ್ತಿರದವರು" ಅಂದೆ. ಅಪ್ಪ ಹತ್ತು ಹೆಜ್ಜೆ ದೂರದಲ್ಲಿದ್ದರು. ಕೇಳಿಸಿತು. ಬುತ್ತಿ ನನ್ನ ಕೈಗೆ ಕೊಟ್ಟು, "ಊಟ ಮಾಡಮ್ಮ" ಅಂತ ಕನ್ನಡದಲ್ಲಿ ಹೇಳಿ ಹೋದರು. ನನ್ನ ಜೊತೆ ಅವರು ಯಾವತ್ತೂ ಕನ್ನಡದಲ್ಲಿ ಮಾತಾಡಿದವರಲ್ಲ.

ಮನೆಗೆ ಹೋದ ಮೇಲೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮುಂದಿನ ಸಲ ಫೀಸು ಕಟ್ಟಲು ಬಂದಾಗ ಗೇಟಿನ ಹೊರಗೆ ನಿಂತು ಜವಾನನ ಕೈಯಲ್ಲಿ ದುಡ್ಡು ಕಳಿಸಿದರು. ನಾನು ಕಿಟಕಿಯಿಂದ ನೋಡಿದೆ. ತಲೆ ಬರಿದಾಗಿತ್ತು, ಕೂದಲು ಬೆವರಿಗೆ ಅಂಟಿತ್ತು. ಟೋಪಿ ಮಡಿಸಿ ಅಂಗಿ ಜೇಬಿನಲ್ಲಿ ಇಟ್ಟಿದ್ದರು. ಅದರ ಅಂಚು ಹೊರಗೆ ಕಾಣುತ್ತಿತ್ತು.

ನಾನು ಓಡಿ ಹೋಗಲಿಲ್ಲ. ಏಳನೇ ಕ್ಲಾಸಿನ ಹುಡುಗಿಗೆ ಅಷ್ಟು ಧೈರ್ಯ ಇರಲಿಲ್ಲ, ಅಷ್ಟೇ.

ಅದಕ್ಕೇ ಹೇಳುತ್ತೇನೆ, ನೀವು ಸುಮ್ಮನಾಗಬೇಡಿ. ನಮ್ಮಪ್ಪನ ಹಾಗೆ ಟೋಪಿ ಜೇಬಿಗೆ ಹಾಕಬೇಡಿ. ಅವನಿಗೆ ಮಮ್ಮಿ ಅನ್ನಬೇಕು ಅನ್ನಿಸಿದರೆ ಅನ್ನಲಿ, ಅದಕ್ಕೆ ಜಗಳ ಬೇಡ. ನೀವು ಮಾತ್ರ ಫೋನ್ ಬಂದಾಗ ಎಂದಿನ ದನಿಯಲ್ಲಿ ಸಲಾಂ ಹೇಳಿ. ಜೋರೂ ಬೇಡ, ಪಿಸುಮಾತೂ ಬೇಡ. ಅವನು ಮತ್ತೆ ಬಾಯಿ ಮುಚ್ಚಲು ಬಂದರೆ ಆ ಕೈ ಹಿಡಿದುಕೊಂಡೇ ಮಾತಾಡಿ.

ಬಟಾಣಿ ಬಿಡಿಸುವಾಗ ಅವನು ಏನಂದ ಅಂತ ನನಗೆ ಬರೆಯಿರಿ. ಪತ್ರಿಕೆಯಲ್ಲಿ ಹಾಕಲ್ಲ.